ಮುಂಬಾಗಿಲಲ್ಲಿ ಯಾರು ಹೋಗ್ತಾರೆ

ರಸೆಲ್ ಗ್ಲೆಡ್‌ಹಿಲ್‌ಗೆ ಬೆಳಗಿನಿಂದ ಸಿಟ್ಟು ಬರುತ್ತಲೇ ಇತ್ತು. ಇಂಥವರ ಮೇಲೆ ಎಂದು ಹೇಳುವ ಹಾಗಿರಲಿಲ್ಲ. ಕುತ್ತಿಗೆ ಕೊರೆಯುತ್ತಿದ್ದ ಹೊಸ ಅಂಗಿಯ ಕಾಲರಿನ ಮೇಲೆ, ಕಾರಿನ ಗಾಜು ಒರೆಸುತ್ತ ಕಿರುಗುಟ್ಟುತ್ತಿದ್ದ ಕಡ್ಡಿಗಳ ಮೇಲೆ, ಗೇರು ಬದಲಿಸುವಾಗಲೆಲ್ಲ ತನ್ನ ಕಡೆ ನೋಡುತ್ತಿದ್ದ ಅಕ್ಕನ ಮೇಲೆ.

"ಮುಖ ಯಾಕೋ ಹಾಗೆ ಗಂಟು ಹಾಕ್ಕೊಂಡಿದೀಯ? ಇವತ್ತು ನಿನಗೆ ಸನ್ಮಾನ ಕಣೋ, ನೇಣಲ್ಲ," ಎಂದಳು ಆವ್ರಿಲ್.

"ಎರಡಕ್ಕೂ ಕುತ್ತಿಗೆ ಬಿಗಿಯೋದು ಒಂದೇ ಥರ."

"ಥೂ, ನಿನ್ನ ಬಾಯಿಗಿಷ್ಟು. ಆ ಲಂಡನ್ ಹುಡುಗೀನ ಕೇಳ್ತೀಯೋ ಇಲ್ವೋ?"

"ಕೇಳ್ತೀನಿ."

"ಹಲ್ಲು ಗಿಂಜಬೇಡ. ನೆಟ್ಟಗೆ ನಿಂತ್ಕೊಂಡು ಕೇಳು. ಹಿತ್ತಲ ಬಾಗಿಲು ವಾಪಸ್ ಹಾಕಿ ಅನ್ನು, ಅಷ್ಟೆ. ಇವರಪ್ಪನ ಮನೆ ಗಂಟೇನು ಹೋಗತ್ತೆ?"

ಅಷ್ಟೇ. ಕೇಳಬೇಕಾದದ್ದು ಇಷ್ಟೇ ಇಷ್ಟು. ನಲವತ್ತು ವರ್ಷದ ಹಿಂದೆ, ಬಾಬಿನ್ ಬೀದಿಯ ಮನೆಯ ಮಹಡಿ ಕೋಣೆಯಲ್ಲಿ, ಟೀವಿಗೆ ತಗಲಿಸಿದ ಸಣ್ಣ ಕಂಪ್ಯೂಟರಿನ ಮೇಲೆ ಅವನೊಬ್ಬನೇ ಕೂತು ಮಾಡಿದ ಆಟವನ್ನು ಈಗ ಲಂಡನ್ನಿನ ಕಂಪನಿಯೊಂದು ಹೊಸದಾಗಿ ಮಾಡಿಸುತ್ತಿತ್ತು. ಹೋದ ತಿಂಗಳು ಅದರ ಮಾದರಿ ಕಳಿಸಿದ್ದರು. ಆಡಿ ನೋಡಿದ ರಸೆಲ್ ಎದ್ದು ಹೋಗಿ ಅಡುಗೆಮನೆಯ ಸಿಂಕಿನ ಹತ್ತಿರ ಬಹಳ ಹೊತ್ತು ನಿಂತಿದ್ದ. ಆಮೇಲೆ ಫೋನು ಮಾಡಿದ್ದ. ಆಟದ ಉಸ್ತುವಾರಿ ಹೊತ್ತ ಟ್ಯಾಮ್ಸಿನ್ ಎಂಬ ಹುಡುಗಿ ಎಷ್ಟು ಮೃದುವಾಗಿ ಮಾತಾಡಿದಳೆಂದರೆ ಬಯ್ಯಬೇಕೆಂದುಕೊಂಡದ್ದೆಲ್ಲ ಗಂಟಲಲ್ಲೇ ಕರಗಿತು. 'ಪ್ರದರ್ಶನದ ದಿನ ಬನ್ನಿ ರಸೆಲ್, ಎದುರಿಗೆ ಕೂತು ಮಾತಾಡೋಣ' ಎಂದಿದ್ದಳು. ಎದುರಿಗೆ ಕೂತು. ಆ ಎರಡು ಪದಗಳನ್ನು ನಂಬಿಕೊಂಡು ಅವನು ಅಂಗಿ ಕೊಂಡಿದ್ದ.

ಆಟದ ಹೆಸರು 'ಟೀ ಹೊತ್ತಿಗೆ ಮನೆಗೆ'. ಸಂಜೆಯ ಊಟಕ್ಕೆ ಯಾರ್ಕ್‌ಷೈರ್ ಸೀಮೆಯಲ್ಲಿ ಟೀ ಎಂದೇ ಹೆಸರು. ವಿಲ್ಫ್ ಎಂಬ ಟೋಪಿಯ ಹುಡುಗ ಬ್ರೆಡ್ಡು ಕೊಂಡು, ಕತ್ತಲಾಗುವುದರೊಳಗೆ ಮನೆ ಮುಟ್ಟಬೇಕು. ಆಟ ಶುರುವಾಗುವಾಗ ಅವನು ತನ್ನ ಮನೆಯ ಮುಂದೆಯೇ ನಿಂತಿರುತ್ತಾನೆ, ಬಾಗಿಲು ಬೆನ್ನಿಗೇ ಇರುತ್ತದೆ. ಆದರೆ ವಿಲ್ಫ್ ಬಲಕ್ಕೆ ಮಾತ್ರ ನಡೆಯಬಲ್ಲ. ತಿರುಗಲಾರ. ಗಿರಣಿ ದಾಟಿ, ಕಾಲುವೆ ದಾಟಿ, ಕಲ್ಲುಗಣಿ, ಬೋಳುಗುಡ್ಡ ಎಲ್ಲ ದಾಟಿ, ಲೋಕವನ್ನೆಲ್ಲ ಒಂದು ಸುತ್ತು ಹಾಕಿ, ಕೊನೆಗೆ ತನ್ನದೇ ಮನೆಯ ಹಿಂದಿನ ಓಣಿಗೆ ಬಂದು ಬೀಳುತ್ತಾನೆ. ಹಿತ್ತಲ ಬಾಗಿಲು ತೆರೆಯುತ್ತದೆ. ಏಪ್ರನ್ ಕಟ್ಟಿದ ಹೆಂಗಸೊಬ್ಬಳು ನಿಂತಿರುತ್ತಾಳೆ. 'ಕಾಲು ಒರೆಸಿಕೊಂಡು ಬಾ' ಎಂಬ ಮಾತು ಪರದೆಯ ಮೇಲೆ ಮೂಡುತ್ತದೆ. ಆಟ ಮುಗಿಯುತ್ತದೆ. ಈ ತಿರುಗದ ಹುಡುಗನ ಬಗ್ಗೆ ಜನ ಪುಸ್ತಕ ಬರೆದರು. ಹಿಂದಿರುಗಲಾರದ ಮನುಷ್ಯನ ದುರಂತ ಎಂದರು. ಗಣಿ ಗಿರಣಿಗಳು ಮುಚ್ಚಿದ ಕಾಲದ ರೋದನ ಎಂದರು. ರೋದನವಂತೆ, ಮಣ್ಣಾಂಗಟ್ಟಿ! ಬಲಕ್ಕೆ ನಡೆಯುವ ಚಿತ್ರವನ್ನೇ ತಿರುವಿ ಹಾಕಿದರೆ ಎಡಕ್ಕೆ ನಡೆಯುವ ಚಿತ್ರವಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಎರಡು ಚಿತ್ರ ಇಡೋಣವೆಂದರೆ ಆ ಪುಟ್ಟ ಯಂತ್ರದಲ್ಲಿ ಜಾಗವಿರಲಿಲ್ಲ. ಯಂತ್ರದ ಜೊತೆ ಬಂದ ಕೈಪಿಡಿ ಒಂದು, ರೈಲು ನಿಲ್ದಾಣದ ಅಂಗಡಿಯ ಪತ್ರಿಕೆಗಳು ಒಂದಷ್ಟು, ಇವೇ ಅವನ ಗುರುಗಳು. ಕೇಳೋಣವೆಂದರೆ ಊರಿನಲ್ಲಿ ಯಾರಿದ್ದರು? ಗಿರಣಿಯ ನೂಲಿನ ಉಗ್ರಾಣದಲ್ಲಿ ಅವನ ಜೊತೆ ಮೂಟೆ ಹೊರುತ್ತಿದ್ದವರನ್ನು ಕೇಳಬೇಕಿತ್ತೇ?

ಕಾರು ನಿಂತದ್ದು ಅದೇ ಗಿರಣಿಯ ಮುಂದೆ. ಉಗ್ರಾಣವಿದ್ದ ಕಡೆ ಈಗ ಕಾಫಿ ಅಂಗಡಿ, ನೂಲು ಹೊಲಸಾಗಬಾರದೆಂದು ಅವರು ಬೂಟು ಬಿಚ್ಚುತ್ತಿದ್ದ ಜಾಗದಲ್ಲಿ ಸಂಗ್ರಹಾಲಯದ ಟಿಕೇಟು ಮೇಜು. ಮೇಜಿನ ಹಿಂದಿದ್ದ ಹುಡುಗಿ ಪಟ್ಟಿಯಲ್ಲಿ ಬೆರಳಾಡಿಸಿ, "ನೀವು ಯಾರ ಕಡೆಯವರು ಸಾರ್?" ಎಂದಳು. ನನ್ನ ಕಡೆಯವನೇ, ಎನ್ನಬೇಕೆನಿಸಿತು. ಅಷ್ಟರಲ್ಲಿ ಆವ್ರಿಲ್, "ನೀನು ಮಾರ್ತಿರೋ ಟೀಷರ್ಟ್ ಮೇಲಿದಾನಲ್ಲಮ್ಮ ಹುಡುಗ, ಅವನ ಅಪ್ಪ ಇವನು," ಎಂದುಬಿಟ್ಟಳು. ಹುಡುಗಿ ಗಾಬರಿಯಿಂದ ಎದ್ದು ನಿಂತು, ಒಂದು ಬಿಲ್ಲೆ ಹುಡುಕಿ ಅವನ ಎದೆಗೆ ಸಿಕ್ಕಿಸಿದಳು. ಅದರಲ್ಲಿ 'ಅತಿಥಿ' ಎಂದಿತ್ತು. ಸೂಜಿ ಹೊಸ ಅಂಗಿಯಲ್ಲಿ ತೂತು ಮಾಡಿತು.

ಹಿಂದೆ ಲಂಡನ್ನಿನ ಆಟದ ಕಂಪನಿಯೊಂದರ ಆಫೀಸಿನಲ್ಲೂ ಹೀಗೇ ಒಂದು ಬಿಲ್ಲೆ ಕೊಟ್ಟಿದ್ದರು. ಆಟ ದೇಶವೆಲ್ಲ ಮಾರಾಟವಾದ ಮೇಲೆ, ಉಣ್ಣೆಯೂರಿನ ಪವಾಡ ಎಂದು ಪತ್ರಿಕೆಯವರು ಬರೆದ ಮೇಲೆ, ಅಲ್ಲಿಗೆ ಕೆಲಸಕ್ಕೆ ಕರೆಸಿಕೊಂಡಿದ್ದರು. ಮೊದಲ ವಾರವೇ, ಕೇಂಬ್ರಿಜ್ಜಿನಿಂದ ಇಳಿದಿದ್ದ ಹುಡುಗನೊಬ್ಬ ಎಲ್ಲರ ಎದುರಿಗೆ, "ಗ್ಲೆಡ್‌ಹಿಲ್, ನಿನ್ನ ವಿಲ್ಫ್ ಯಾಕಯ್ಯಾ ಕತ್ತು ಹಿಡಿದವನ ಥರ ಒಂದೇ ಕಡೆ ನೋಡ್ತಾನೆ?" ಎಂದು ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಸ್ಯಾಂಡ್‌ವಿಚ್ಚು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಏನೋ ನಾಲ್ಕು ಸಾಲು ಬಡಿದ. ವಿಲ್ಫ್ ತಿರುಗಿದ. ರಸೆಲ್ ತಾನೇ ಚುಕ್ಕಿ ಚುಕ್ಕಿಯಾಗಿ ಹುಟ್ಟಿಸಿದ ಹುಡುಗನ ಎಡಗೆನ್ನೆಯನ್ನು ಅವತ್ತೇ ಮೊದಲು ನೋಡಿದ್ದು. ಎಲ್ಲರೂ ನಕ್ಕರು. ಅವನೂ ನಕ್ಕ, ಆಮೇಲೆ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು ಕೂತ. ಆಮೇಲೂ ಕೆಲವು ಆಟ ಮಾಡಿದ. ನನಗೆ ಗೊತ್ತಿಲ್ಲದ್ದು ಇನ್ನೂ ಏನೇನಿದೆಯೋ ಎಂಬ ಭಯದಲ್ಲಿ ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೇ ಮಾಡಿದ. ಅವು ಯಾರಿಗೂ ಬೇಕಾಗಲಿಲ್ಲ. ಆಮೇಲೆ ಒಬ್ಬ ಮಾಡುವ ಕೆಲಸಕ್ಕೆ ಐವತ್ತು ಜನ ಬಂದರು, ಎಲ್ಲರೂ ಓದಿದವರು. ಅವನು ಇತರರ ಆಟಗಳಲ್ಲಿ ತಪ್ಪು ಹುಡುಕುವ ಮೇಜಿಗೆ ಇಳಿದ, ಅಲ್ಲಿಂದ ಬೀದಿಗಿಳಿದ. ಊರಿಗೆ ಬಂದು ಪಬ್ಬುಗಳ ಜೂಜಿನ ಯಂತ್ರ ರಿಪೇರಿ ಮಾಡುತ್ತ ಕೂದಲು ಹಣ್ಣಾಯಿತು. ಈಗ ನೋಡಿದರೆ ಆ ಗೊತ್ತಿಲ್ಲದ್ದೇ ದೊಡ್ಡ ದರ್ಶನವಂತೆ. ಅವತ್ತು ನಕ್ಕವರೂ ಇವರೇ, ಇವತ್ತು ಕೈಮುಗಿಯುವವರೂ ಇವರೇ. ನಡುವೆ ಒಬ್ಬನಾದರೂ ಬಂದು, ಅಯ್ಯಾ ಆ ಏಪ್ರನ್ನಿನ ಹೆಂಗಸು ಯಾರು ಎಂದು ಕೇಳಲಿಲ್ಲ.

"ರಸೆಲ್! ಬಂದ್ರಾ! ಅಯ್ಯೋ, ನಿಮ್ಮನ್ನ ಅಪ್ಪಿಕೋಬಹುದಾ?" ಟ್ಯಾಮ್ಸಿನ್ ಕೇಳಿ ಮುಗಿಸುವ ಮೊದಲೇ ಅಪ್ಪಿಕೊಂಡಿದ್ದಳು. ಹಳದಿ ಚೌಕಟ್ಟಿನ ಕನ್ನಡಕ, ಒಳ್ಳೆಯ ಕಣ್ಣುಗಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು ಎನಿಸಿತು.

"ಆ ವಿಷಯ ಮಾತಾಡ್ಬೇಕಿತ್ತು," ಎಂದ ರಸೆಲ್.

"ಖಂಡಿತ ಖಂಡಿತ. ವೇದಿಕೆ ಕಾರ್ಯಕ್ರಮ ಮುಗಿದ ತಕ್ಷಣ. ಮೊದಲು ಇದು ನೋಡಿ ಬನ್ನಿ."

ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಜನ ಸಾಲು ನಿಂತಿದ್ದರು. ನಡುವಯಸ್ಸಿನ ದಂಪತಿ ಆಡುತ್ತಿದ್ದರು. ಬೀದಿ ನಿಜವಾಗಿಯೂ ಚೆನ್ನಾಗಿತ್ತು. ಹೊಗೆ ಕುಡಿದ ಕಲ್ಲು ಗೋಡೆ, ಒದ್ದೆ ಚಪ್ಪಡಿ, ಅವನ ಯಂತ್ರದಲ್ಲಿ ನಾಲ್ಕು ಬಣ್ಣದಲ್ಲಿ ಬಡಕಲಾಗಿ ನಿಂತಿದ್ದದ್ದೆಲ್ಲ ಇಲ್ಲಿ ಮೈ ತುಂಬಿಕೊಂಡಿತ್ತು. ಹೆಂಡತಿ ಗುಂಡಿ ಒತ್ತಿದಳು. ವಿಲ್ಫ್ ಎಡಕ್ಕೆ ತಿರುಗಿ, ಎರಡು ಹೆಜ್ಜೆ ಇಟ್ಟು, ಮುಂಬಾಗಿಲು ತಟ್ಟಿದ. ಅದು ತೆರೆಯಿತು. ಏಪ್ರನ್ನಿನ ಹೆಂಗಸು ತೋಳು ಚಾಚಿ, ಹಲ್ಲು ಕಾಣುವ ಹಾಗೆ ನಗುತ್ತ ನಿಂತಿದ್ದಳು. 'ಮನೆಗೆ ಸ್ವಾಗತ, ವಿಲ್ಫ್.' "ಅಯ್ಯೋ ಪಾಪ, ಎಷ್ಟು ಮುದ್ದಾಗಿದೆ," ಎಂದಳು ಹೆಂಡತಿ. ಬೇಕಾದವರು ಆಮೇಲೆ ಲೋಕ ಸುತ್ತಲೂಬಹುದು ಎಂದು ಪಕ್ಕದ ಫಲಕ ಹೇಳುತ್ತಿತ್ತು. ಸುತ್ತಿ ಬಂದರೆ ಏನಿದೆ ಎಂಬುದು ರಸೆಲ್‌ಗೆ ಗೊತ್ತಿತ್ತು. ಓಣಿಯಿದೆ, ಕಸದ ಡಬ್ಬಿಯಿದೆ, ಬಾಗಿಲಿದ್ದ ಜಾಗದಲ್ಲಿ ಬರೀ ಗೋಡೆಯಿದೆ. ಅವನು ಆ ತೆರೆದ ಮುಂಬಾಗಿಲನ್ನು ನೋಡಲಾರದೆ ಕಣ್ಣು ಬೇರೆ ಕಡೆ ಹೊರಳಿಸಿದ.

ಬಾಬಿನ್ ಬೀದಿಯ ಮನೆಯ ಮುಂಬಾಗಿಲಿಗೆ ಹಸಿರು ಬಣ್ಣ. ಅಮ್ಮ ಶುಕ್ರವಾರ ಶುಕ್ರವಾರ ಅದರ ಹೊಸ್ತಿಲನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಿದ್ದಳು, ಉಜ್ಜುವುದಕ್ಕೂ ಹಿತ್ತಲಿನಿಂದ ಬೀದಿ ಸುತ್ತಿಕೊಂಡು ಬರುತ್ತಿದ್ದಳು. ಆ ಬಾಗಿಲು ಅಲ್ಲಿ ಇದೆಯೆಂಬುದಕ್ಕಷ್ಟೇ ಇತ್ತು. ಅವನು ಶಾಲೆಗೆ ಹೋದದ್ದು ಹಿತ್ತಲ ಬಾಗಿಲಿನಿಂದ, ಕಂಪ್ಯೂಟರಿನ ಪೆಟ್ಟಿಗೆ ಬಂದದ್ದು ಹಿತ್ತಲ ಬಾಗಿಲಿನಿಂದ. ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಒಂದು ಸಂಜೆ ಅಮ್ಮ ಕೆಳಗಿನಿಂದ, "ರಸೆಲ್, ಟೀ ಆಯ್ತು, ಬಾ," ಎಂದು ಕೂಗಿದಳು. "ಒಂದ್ನಿಮಿಷ ಅಮ್ಮಾ," ಎಂದ. ಯಂತ್ರದಲ್ಲಿದ್ದ ಇಡೀ ದಿನದ ಕೆಲಸ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು, ಕೀ ಕೀ ಎಂದು ಕಿರುಚುತ್ತ. ಮರದ ನೆಲ ಅದುರಿದರೆ ಟೇಪು ಕೆಡುತ್ತದೆಂದು ಅವನು ನಂಬಿದ್ದ. ಇದೂ ಯಾರೂ ಕಲಿಸದವನ ನಂಬಿಕೆಯೇ. ಹಾಗಾಗಿ ಆ ಹೊತ್ತಿನಲ್ಲಿ ಕಾಲು ಕೂಡ ಆಡಿಸುತ್ತಿರಲಿಲ್ಲ. ಕೆಳಗೆ ತಟ್ಟೆ ಒಡೆದ ಸದ್ದಾಯಿತು. ಆಮೇಲೆ ಇನ್ನೇನೋ, ಮೂಟೆ ಇಳಿಸಿದ ಹಾಗೆ. ಅವನು ಟೇಪಿನ ಗಾಲಿ ತಿರುಗುವುದನ್ನು ನೋಡುತ್ತ ಅಲ್ಲಾಡದೆ ಕೂತಿದ್ದ. ಟೇಪು ನಿಂತಿತು. ಅಷ್ಟರಲ್ಲಿ ಕೆಲಸ ಮುಗಿಸಿ ಹಿತ್ತಲಿನಿಂದ ಒಳಬಂದ ಆವ್ರಿಲ್ ಚೀರಿದ್ದು ಕೇಳಿತು. ಡಾಕ್ಟರು ಮುಂಬಾಗಿಲಿನಿಂದ ಬಂದರು, ಬಣ್ಣ ಅಂಟಿಕೊಂಡಿದ್ದರಿಂದ ಅದನ್ನು ಭುಜ ಕೊಟ್ಟು ತಳ್ಳಬೇಕಾಯಿತು. ಮೊದಲೇ ನೋಡಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ. ಮೂರನೆಯ ದಿನ ಅದೇ ಬಾಗಿಲನ್ನು ಮತ್ತೆ ತೆರೆದರು. ಆಟಕ್ಕೆ ಕೊನೆಯೊಂದು ಬಾಕಿಯಿತ್ತು. ಲೋಕ ಸುತ್ತಿ ಬಂದವನಿಗೆ ಹಿತ್ತಲಲ್ಲಿ ಅವಳು ಬಾಗಿಲು ತೆಗೆಯಬೇಕು, ಬೇರೆ ಯಾವ ಕೊನೆಯೂ ಅವನಿಗೆ ತೋಚಲಿಲ್ಲ. ಆ ಟೇಪಿನ ವಿಷಯ ಅವನು ಆವ್ರಿಲ್‌ಗೆ ಇವತ್ತಿಗೂ ಹೇಳಿಲ್ಲ.

ವೇದಿಕೆಯಲ್ಲಿ ಎರಡು ಮೆತ್ತನೆ ಕುರ್ಚಿ. ಒಂದರಲ್ಲಿ ಡಾಕ್ಟರ್ ಜೂಲಿಯನ್ ಫೆಂಟಿಮನ್, ಆಟಗಳ ಬಗ್ಗೆ ಪುಸ್ತಕ ಬರೆದ ವಿದ್ವಾಂಸ. ಇನ್ನೊಂದರಲ್ಲಿ ರಸೆಲ್ ಕೂತ ಕೂಡಲೇ ಕುರ್ಚಿ ಅವನನ್ನು ಸೊಂಟದವರೆಗೆ ನುಂಗಿತು, ಮೊಣಕಾಲು ಎದೆಗೆ ಬಂತು. ಮುಂದಿನ ಸಾಲುಗಳಲ್ಲಿ ಲಂಡನ್ನಿನವರು, ಹಿಂದೆ ಕೋಟು ಬಿಚ್ಚದೆ ಕೂತಿದ್ದ ಊರಿನವರು.

"ಎಲ್ಲರೂ ಕೇಳಬೇಕು ಅಂತಿರೋ ಪ್ರಶ್ನೇನೇ ಮೊದಲು ಕೇಳಿಬಿಡ್ತೀನಿ," ಎಂದ ಜೂಲಿಯನ್. "ವಿಲ್ಫ್ ಯಾಕೆ ತಿರುಗೋದಿಲ್ಲ?"

"ತಿರುಗಿಸೋಕೆ ನನಗೆ ಬರ್ತಿರಲಿಲ್ಲ."

ಸಭೆ ನಕ್ಕಿತು. ಪ್ರೀತಿಯ ನಗು.

"ನೋಡಿ ಈ ವಿನಯಾನ! ಅಪ್ಪಟ ಯಾರ್ಕ್‌ಷೈರ್!"

"ವಿನಯ ಅಲ್ಲ ಮಾರಾಯ್ರೇ. ನಿಜವಾಗ್ಲೂ ಬರ್ತಿರಲಿಲ್ಲ. ಯಾರೂ ಹೇಳ್ಕೊಟ್ಟಿರಲಿಲ್ಲ, ದಡ್ಡ ನಾನು."

ಇನ್ನೂ ಜೋರಾಗಿ ನಕ್ಕರು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಇದೆಂಥ ದರಿದ್ರ ದೇಶ! ಇಲ್ಲಿ ನಿಜವನ್ನು ಮೆತ್ತಗೆ ಹೇಳಿದರೆ ವಿನಯವಾಗುತ್ತದೆ, ಜೋರಾಗಿ ಹೇಳಿದರೆ ತಮಾಷೆಯಾಗುತ್ತದೆ. ನಾವೇ ಹೀಗೆ ಮಾಡಿಕೊಂಡದ್ದು. ಮೂರು ಹೊತ್ತೂ ನಮ್ಮನ್ನು ನಾವೇ ಹೀಗಳೆದುಕೊಂಡು, ಚೆನ್ನಾಗಿದ್ದದ್ದನ್ನು ಪರವಾಗಿಲ್ಲ ಎಂದು, ಸಾಯುವ ಹಾಗಿದ್ದರೂ ಏನಿಲ್ಲ ಬಿಡಿ ಎಂದು, ಕೊನೆಗೆ ಒಬ್ಬ ಬಾಯಿಬಿಟ್ಟು ನನಗೆ ಗೊತ್ತಿರಲಿಲ್ಲ ಅಂದರೆ ನಂಬುವವರೇ ಗತಿಯಿಲ್ಲ. ಅವನ ಕಿವಿ ಬಿಸಿಯಾಯಿತು. ಕುರ್ಚಿಯಿಂದ ಏಳಲು ನೋಡಿದ, ಕುರ್ಚಿ ಬಿಡಲಿಲ್ಲ.

ಜೂಲಿಯನ್ ಸಭೆಯ ಕಡೆ ತಿರುಗಿದ್ದ. "ಬಾಗಿಲು ಬೆನ್ನ ಹಿಂದೇನೇ ಇದೆ, ಆದ್ರೂ ಹುಡುಗ ಲೋಕವೆಲ್ಲ ಅಲೀಬೇಕು. ಎಂಥ ಕ್ರೌರ್ಯ ಅಲ್ವಾ? ಹೊಸ ಆಟ ಅವನನ್ನ ಬಿಡುಗಡೆ ಮಾಡಿದೆ. ಈಗ ಅವನು ಸುಮ್ನೆ ತಿರುಗಿ ಮನೆ ಒಳಗೆ ಹೋಗಬಹುದು. ನಿಮಗೇನನ್ಸತ್ತೆ ರಸೆಲ್?"

"ಮುಂಬಾಗಿಲಲ್ಲಿ ಯಾರು ಹೋಗ್ತಾರೆ?" ಎಂದ ರಸೆಲ್.

ಮುಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಹಿಂದಿನ ಸಾಲುಗಳಲ್ಲಿ ಯಾರೂ ನಗಲಿಲ್ಲ. ಒಬ್ಬ ಮುದುಕ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಅವನ ಪಕ್ಕದಲ್ಲಿ ಆವ್ರಿಲ್ ಎದ್ದು ನಿಂತಳು. ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು.

"ನಗೋರು ಸ್ವಲ್ಪ ಬಾಯಿ ಮುಚ್ಕೊಳ್ಳಿ," ಎಂದಳು. ಮೈಕು ಬೇಕಾಗಲಿಲ್ಲ, ಇಪ್ಪತ್ತು ವರ್ಷ ಮಗ್ಗದ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. "ನಾನು ಇವನ ಅಕ್ಕ. ಅವನೇನೂ ಜೋಕ್ ಹೇಳಿಲ್ಲ. ನಮ್ಮ ಬೀದೀಲಿ ಮನೆಯೋರು ಯಾರೂ ಮುಂಬಾಗಿಲಲ್ಲಿ ಓಡಾಡ್ತಿರಲಿಲ್ಲ. ಅದನ್ನ ತೆಗೀತಿದ್ದಿದ್ದು ಡಾಕ್ಟರ್ ಬಂದ್ರೆ, ಪಾದ್ರಿ ಬಂದ್ರೆ, ಇಲ್ಲಾ ಹೆಣ ಆಚೆ ತರೋಕೆ. ನಮ್ಮಮ್ಮನ್ನ ಆ ಬಾಗಿಲಿಂದಾನೇ ತಂದಿದ್ದು. ನೀವು ಅದೇ ಬಾಗಿಲಲ್ಲಿ ಒಂದು ಹೆಂಗಸನ್ನ ನಿಲ್ಸಿ ಹಲ್ಲು ಬಿಡಿಸಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಸಭೆ ತಣ್ಣಗಾಯಿತು. ರಸೆಲ್‌ಗೆ ಆ ಮೌನ ಎದೆಗೆ ಹಾಲೆರೆದ ಹಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ, ಯಾರೂ ಏನೂ ಅನ್ನದಿರಲಿ ಎಂದುಕೊಂಡ. ಜೂಲಿಯನ್ ಎದೆಯ ಮೇಲೆ ಕೈಯಿಟ್ಟುಕೊಂಡು, "ಎಂಥ ಶಕ್ತಿಯುತವಾದ ಸಾಕ್ಷ್ಯ," ಎಂದ. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ನೋಡನೋಡುತ್ತ ಎಲ್ಲರೂ ಎದ್ದು ನಿಂತು ತಟ್ಟುತ್ತಿದ್ದರು, ಅಕ್ಕನ ಕಡೆ ತಿರುಗಿ, ಕಣ್ಣು ಒದ್ದೆ ಮಾಡಿಕೊಂಡು. ಆವ್ರಿಲ್ ಸುತ್ತ ನೋಡಿದಳು. ಬಯ್ದದ್ದಕ್ಕೆ ಚಪ್ಪಾಳೆ ಬಿದ್ದ ಅನುಭವ ಅವಳಿಗಿರಲಿಲ್ಲ. ಕೂತುಬಿಟ್ಟಳು.

ವೇದಿಕೆಯ ಪಕ್ಕದಲ್ಲಿ ಟ್ಯಾಮ್ಸಿನ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. "ನನಗೆ ಗೊತ್ತೇ ಇರಲಿಲ್ಲ ರಸೆಲ್. ನಿಮ್ಮ ತಾಯಿ ಅಂತ ಗೊತ್ತೇ ಇರಲಿಲ್ಲ."

"ಈಗ ಗೊತ್ತಾಯ್ತಲ್ಲ. ಹಿತ್ತಲ ಬಾಗಿಲು ವಾಪಸ್ ಹಾಕ್ತೀರಾ?" ಕೇಳಿಯೇಬಿಟ್ಟ. ಹಲ್ಲು ಗಿಂಜಲಿಲ್ಲ.

ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. "ಆಟ ಇವತ್ತು ಬೆಳಿಗ್ಗೆ ಬಿಡುಗಡೆ ಆಗೋಯ್ತು. ಆಗಲೇ ಜನ ಆಡ್ತಿದಾರೆ."

"ಬೆಳಿಗ್ಗೆ?"

"ಒಂಬತ್ತಕ್ಕೆ."

"ಮತ್ತೆ ಎದುರಿಗೆ ಕೂತು ಮಾತಾಡೋಣ ಅಂತ ಕರೆದ್ರಲ್ಲ, ಏನು ಮಾತಾಡೋಕೆ?"

"ನೀವು ಬಂದ್ರೆ ಚೆನ್ನಾಗಿರತ್ತೆ ಅಂತ..."

"ಈಗಲೂ ತಿದ್ದಬಹುದು. ನನಗೆ ಅಷ್ಟು ಗೊತ್ತಾಗತ್ತೆ ಕಣಮ್ಮಾ. ಈಗೆಲ್ಲ ಬಿಡುಗಡೆ ಆದ ಮೇಲೂ ತಿದ್ದುತಾರೆ."

"ತಿದ್ದಬಹುದು," ಎಂದಳು ಟ್ಯಾಮ್ಸಿನ್. ಸುಳ್ಳು ಹೇಳದಿರುವಷ್ಟು ಒಳ್ಳೆಯವಳು. "ಆದ್ರೆ ರಸೆಲ್, ಮೊದಲೇ ಆಡಿ ನೋಡಿದವರಿಗೆಲ್ಲ ಆ ಮುಂಬಾಗಿಲು ತುಂಬಾ ಇಷ್ಟ ಆಗಿದೆ. ಅಲ್ಲಿ ಬಂದ್ರೆ ಅಳ್ತಾರೆ ಗೊತ್ತಾ? ಬೇಕಿದ್ರೆ ನಿಮ್ಮಕ್ಕ ಹೇಳಿದ್ದನ್ನ ಚಿಕ್ಕ ವೀಡಿಯೋ ಮಾಡಿ ಜೊತೆಗೆ ಸೇರಿಸ್ತೀವಿ."

ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆನಿಸಿತು. ನಿಮ್ಮ ಅಳು ಯಾವನಿಗೆ ಬೇಕು, ಅಳುವುದಕ್ಕೆ ನಿಮಗೆ ನಮ್ಮಮ್ಮನೇ ಬೇಕಾಗಿತ್ತೇ, ಒಂದು ಬಾಗಿಲು ಸರಿಯಾದ ಜಾಗದಲ್ಲಿ ಇಡಲಾಗದ ನಿಮ್ಮ ಓದಿಗೆ ಬೆಂಕಿ ಹಾಕ. ಅಂದದ್ದು ಮಾತ್ರ ಬೇರೆ. "ಅವಳು ಹಾಗೆ ನಗ್ತಿರಲಿಲ್ಲ," ಎಂದ. "ಒಂದು ಸಲಾನೂ ಹಾಗೆ ಹಲ್ಲು ಕಾಣೋ ಹಾಗೆ ನಕ್ಕವಳಲ್ಲ." ಬಿಲ್ಲೆ ಕಿತ್ತು ಅವಳ ಕೈಗೆ ಕೊಟ್ಟು ನಡೆದ.

ಕಾರಿನಲ್ಲಿ ಆವ್ರಿಲ್ ದಾರಿಯುದ್ದಕ್ಕೂ ಬಯ್ದಳು. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ನಮ್ಮನ್ನ ಕರೆದಿದ್ರು ನೋಡು. ಚಪ್ಪಾಳೆಯಂತೆ! ನಾನೇನು ನಾಟಕ ಮಾಡಿದ್ನಾ?" ಸ್ವಲ್ಪ ಹೊತ್ತಾದ ಮೇಲೆ, "ನಾನು ಆ ಆಟ ಒಂದು ಸಲಾನೂ ಮುಗಿಸಿಲ್ಲ ಕಣೋ. ಹಾಳಾದ್ದು ಆ ಕಾಲುವೆ ದಾಟಕ್ಕೇ ಆಗಲ್ಲ. ಕೊನೇಲಿ ಅಮ್ಮ ಏನಂತಾಳೆ?" ಎಂದಳು.

"ಏನೋ ಒಂದು ಅಂತಾಳೆ," ಎಂದ ರಸೆಲ್. ಹೇಳಿದರೆ ಅಲ್ಲಿಗೆ ನಿಲ್ಲುವುದಿಲ್ಲ, ಟೇಪಿನವರೆಗೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆವ್ರಿಲ್ ಈಗಿರುವುದು ಊರಾಚೆಯ ಹೊಸ ಮನೆಗಳ ಬಡಾವಣೆಯಲ್ಲಿ. ಎಲ್ಲವಕ್ಕೂ ಗಾಜಿನ ಮುಂಬಾಗಿಲು, ಎಲ್ಲರೂ ಅದರಲ್ಲೇ ಓಡಾಡುತ್ತಾರೆ. ಅವಳೂ ಕಾರು ನಿಲ್ಲಿಸಿ, ತಲೆಯ ಮೇಲೆ ಚೀಲ ಹಿಡಿದು ಮಳೆಯಲ್ಲಿ ಓಡಿ, ಬೀಗ ತೆಗೆದು, ಬಾಗಿಲು ತೆರೆದಿಟ್ಟೇ ಒಳಗೆ ಹೋದಳು. ಹಜಾರದ ಬೆಳಕು ಮೆಟ್ಟಿಲವರೆಗೂ ಚೆಲ್ಲಿತ್ತು. ರಸೆಲ್ ಆ ಬಾಗಿಲಿನವರೆಗೆ ಹೋದ, ಅದರ ಮುಂದೆ ನಿಂತ. ಆಮೇಲೆ ಗೋಡೆಗುಂಟ ಬಲಕ್ಕೆ ನಡೆದು, ಕಸದ ಡಬ್ಬಿಗಳ ನಡುವೆ ನುಸುಳಿ, ಒದ್ದೆ ಹುಲ್ಲಿನಲ್ಲಿ ಹೊಸ ಬೂಟು ಕೆಸರು ಮಾಡಿಕೊಂಡು ಮನೆಯ ಹಿಂದಕ್ಕೆ ಬಂದ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತಟ್ಟಿದ.

"ಯಾರದು?"

"ನಾನು."

"ಅಲ್ಲೇನೋ ಮಾಡ್ತಿದೀಯ ಮಳೇಲಿ? ಮುಂದೆ ತೆಗೆದೇ ಇಟ್ಟಿದೀನಲ್ಲೋ!"

ಅವನು ಇನ್ನೊಮ್ಮೆ ತಟ್ಟಿದ. ಒಳಗೆ ನಲ್ಲಿ ಬಿಟ್ಟ ಸದ್ದು, ಕೆಟಲು ಒಲೆಯ ಮೇಲೆ ಕೂತ ಸದ್ದು.

"ಒಂದ್ನಿಮಿಷ ಇರು," ಎಂದಳು ಆವ್ರಿಲ್.

ರಸೆಲ್ ಇದ್ದ. ನೀರು ಕಾಲರಿನೊಳಗೆ ಇಳಿಯುತ್ತಿತ್ತು. ಕಾಲು ಆಡಿಸದೆ, ಕೆಮ್ಮದೆ, ತಾನು ಅಲುಗಿದರೆ ಒಳಗೆ ಏನೋ ಕೆಟ್ಟುಹೋಗುತ್ತದೆ ಎನ್ನುವ ಹಾಗೆ ನಿಂತಿದ್ದ. ಒಂದು ನಿಮಿಷ ಬಹಳ ದೊಡ್ಡದು. ಅಷ್ಟರಲ್ಲಿ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ, ಬಿದ್ದವಳನ್ನು ಎತ್ತಿ ಕೂರಿಸಬಹುದಿತ್ತು. ಅಗುಳಿ ಸರಿಯಿತು. ಆವ್ರಿಲ್ ಏಪ್ರನ್ ಕಟ್ಟಿಕೊಂಡಿದ್ದಳು, ಒಂದಿಷ್ಟೂ ನಗಲಿಲ್ಲ. ಅವನ ಮುಖ ನೋಡಲಿಲ್ಲ, ಬೂಟು ನೋಡಿದಳು.

"ಕಾಲು ಒರೆಸ್ಕೊಂಡು ಬಾ," ಎಂದು ಒಳಗೆ ಹೋದಳು.

ಅವನು ಕಾಲೊರೆಸುತ್ತಲೇ ನಿಂತ, ಬೂಟಿನಲ್ಲಿ ಕೆಸರು ಉಳಿಯದೇ ಹೋದ ಮೇಲೂ.